ಪಂಚಮದಲ್ಲಿ ಸೀಟಿ

ನಿನ್ನೆ ಸಂಜೆಯ ಸಿಟ್ಟು ಇನ್ನೂ ಇಳಿದಿಲ್ಲ. ಗಿಟಾರಿನ ಒಂದೊಂದು ತಂತಿಗೂ ಒಂದೊಂದು ಸಿಂಥಸೈಜರ್ ನಾದ ಕೊಡುವ ಹುಚ್ಚು ಹತ್ತಿದವರಿಗೆ ಈ ಪಾಡು ಗೊತ್ತಿರುತ್ತದೆ: ಬ್ರಿಡ್ಜಿನ ಪಕ್ಕ ಆರು ತಂತಿಗಳನ್ನೂ ಬೇರೆಬೇರೆಯಾಗಿ ಆಲಿಸುವ ಪಿಕಪ್ ಅಂಟಿಸಿ, 13 ಪಿನ್ನಿನ ದಪ್ಪ ಕೇಬಲ್ ಸಿಕ್ಕಿಸಿ, ಮಿಡಿಯಲ್ಲಿ, ಅಂದರೆ ವಿದ್ಯುನ್ಮಾನ ವಾದ್ಯಗಳು ತಮ್ಮತಮ್ಮಲ್ಲಿ ಮಾತಾಡುವ ಭಾಷೆಯಲ್ಲಿ, ತಂತಿಗೊಂದರಂತೆ ಚಾನೆಲ್ ಹಂಚಬೇಕು. ನಾನು 11ರಿಂದ 16ರವರೆಗಿನ ಚಾನೆಲ್‌ಗಳಲ್ಲಿ ಕ್ರಮವಾಗಿ ಒಂದು ಕೊಳಲು, ನಾಲ್ಕು ಪಿಟೀಲು, ಒಂದು ಬಾಸ್ ಕೂರಿಸಿದ್ದೆ. ಮೊದಲ ತಂತಿಗೆ ಚಾನೆಲ್ ಕೊಟ್ಟರೆ ಉಳಿದವು ಅದರ ಹಿಂದೆಯೇ ಸಾಲಾಗಿ ಕೂರುತ್ತವೆ. ಆದರೆ ಆ ಮೊದಲ ತಂತಿಯ ಚಾನೆಲ್ಲನ್ನು 11ಕ್ಕೆ ಏರಿಸುವಾಗ, ಕನ್ನಡಕವಿಲ್ಲದ ಕಣ್ಣಿಗೆ ಆ ಸಾಸಿವೆ ಗಾತ್ರದ ಅಂಕಿ ಕಾಣದೆ, 10ಕ್ಕೇ ನಿಲ್ಲಿಸಿಬಿಟ್ಟೆ.

ಜನರಲ್ ಮಿಡಿ ಎಂಬ 1991ರ ಕಟ್ಟಳೆಯಂತೆ 10ನೆಯ ಚಾನೆಲ್ ತಾಳವಾದ್ಯಗಳಿಗೆ ಮೀಸಲು. ಅಲ್ಲಿ ಒಂದೊಂದು ಸ್ವರವೂ ಒಂದೊಂದು ವಾದ್ಯ. ಇದನ್ನರಿಯದೆ ನಾನು, ಪೇಪರ್ ಹಿಡಿದು ಕುಳಿತಿದ್ದ ಅಪ್ಪನೆದುರು, ಮೊದಲ ತಂತಿಯ ಮೇಲೆ ಗಂಭೀರವಾಗಿ ಶುದ್ಧ ಧನ್ಯಾಸಿ ಎತ್ತಿಕೊಂಡೆ. ಷಡ್ಜಕ್ಕೆ ಡೋಲು ಬಡಿದಂತಾಯಿತು. ಗಾಂಧಾರಕ್ಕೆ ಎತ್ತಿನ ಕೊರಳ ಗಂಟೆ, ಮಧ್ಯಮಕ್ಕೆ ಮೊರದಲ್ಲಿ ಅಕ್ಕಿ ಕೇರಿದ ಸದ್ದು. ಏಳನೆಯ ಫ್ರೆಟ್ಟಿನ ಪಂಚಮ ಹಿಡಿದಾಗ ಸಾಕ್ಷಾತ್ ಬಸ್ ಕಂಡಕ್ಟರನ ಸೀಟಿ! ಕಿವಿಯನ್ನೇ ನಂಬದೆ ಇನ್ನೊಮ್ಮೆ ಮೀಟಿದೆ, ಇನ್ನೊಂದು ಸೀಟಿ. ಎರಡು ಸೀಟಿಯ ಅರ್ಥ ಬಲ್ಲ ಅಪ್ಪ ಪೇಪರ್ ಇಳಿಸದೆಯೇ, “ರೈಟ್, ರೈಟ್” ಎಂದರು. ಹಟದಿಂದ ನಿಷಾದಕ್ಕೆ ಹೋದರೆ ತೆಂಗಿನಕಾಯಿ ತುರಿದಂತೆ ಕರಕರ. ಉಳಿದ ತಂತಿಗಳೂ ಒಂದೊಂದು ಸೀಟು ಜರುಗಿ ಕುಳಿತಿದ್ದವು: ಎರಡನೆಯದರಲ್ಲಿ ಕೊಳಲು, ಆರನೆಯದರಲ್ಲಿ ಪಿಟೀಲು, ಬಾಸ್ ಮಾತ್ರ 16ನೆಯ ಚಾನೆಲ್ಲಿನಲ್ಲಿ ಯಾರೂ ಕರೆಯದೆ ಕಾಯುತ್ತಿತ್ತು.

ಕರೆದರೂ ಅದು ಹೊತ್ತಿಗೆ ಸರಿಯಾಗಿ ಬರುವ ಪೈಕಿಯಲ್ಲ. ಸೆಕೆಂಡಿಗೆ ಸುಮಾರು 82 ಬಾರಿ ಕಂಪಿಸುವ ಆರನೆಯ ತಂತಿಯ ಒಂದು ಕಂಪನಕ್ಕೇ 12 ಮಿಲಿಸೆಕೆಂಡು ಬೇಕು. ಒಂದೆರಡು ಕಂಪನ ನೋಡದೆ ಯಂತ್ರಕ್ಕೆ ಅದು ಯಾವ ಸ್ವರವೆಂದು ತಿಳಿಯುವುದಿಲ್ಲ. ಹಾಸ್ಟೆಲಿನಲ್ಲಿದ್ದಾಗಿನ ನನ್ನ ಹಳೆಯ ಗಿಟಾರಿಗೆ ಒಂದು ತಂತಿ ಯಾವಾಗಲೂ ಇರುತ್ತಿರಲಿಲ್ಲ, ನಿಜ. ಇದ್ದ ಐದು ಮಾತ್ರ ಮೀಟಿದ ಕ್ಷಣವೇ ನುಡಿಯುತ್ತಿದ್ದವು, ಅದೂ ಗಿಟಾರಿನಂತೆಯೇ. ರಜೆಯಲ್ಲಿ ನಾನು ಅದನ್ನು ನುಡಿಸುತ್ತಿದ್ದರೆ ಅಪ್ಪ ಪಕ್ಕದ ಕೋಣೆಯಲ್ಲಿ ರೇಡಿಯೊ ಆರಿಸುತ್ತಿದ್ದರು.

ಮುಕ್ಕಾಲು ಗಂಟೆ ಮೆನು ತಡಕಿ, ಕನ್ನಡಕ ಹಾಕಿಕೊಂಡು, ಒಂದೇ ಒಂದು ಅಂಕಿ ಬದಲಿಸಿದೆ. ಪಂಚಮ ಹಿಡಿದರೆ ಅಚ್ಚ ಕೊಳಲು. ಆಗ ಅಪ್ಪ ಮೊದಲ ಬಾರಿಗೆ ಪೇಪರ್ ಇಳಿಸಿ ಕೇಳಿದರು:

“ಆ ಸೀಟಿ ಎಲ್ಲಿ ಹೋಯ್ತೋ? ಚೆನ್ನಾಗಿತ್ತು.”