ಹತ್ತು ಬೆರಳು

ಅಪ್ಪ ತೀರಿಕೊಂಡು ನಾಳೆಗೆ ಒಂದು ವರ್ಷವಾಗುತ್ತದೆ. ಪುಣೆಯ ಖಡಕಿಯ ನಮ್ಮ ಮನೆಯಲ್ಲಿ ಅವರ ಕಪ್ಪು ತಗಡಿನ ಟ್ರಂಕು ಇನ್ನೂ ಮಂಚದ ಕೆಳಗೇ ಇದೆ. ಗೋಕಾಕ ತಾಲ್ಲೂಕಿನ ಹಳ್ಳಿಯಿಂದ ಬಂದು 1963ರಲ್ಲಿ ಸೇನೆಯ ಎಂಜಿನಿಯರ್ ದಳವಾದ ಬಾಂಬೆ ಸ್ಯಾಪರ್ಸ್ ಸೇರಿದ ಅವರು, 28 ವರ್ಷ ದುಡಿದು ಸುಬೇದಾರರಾಗಿ ನಿವೃತ್ತರಾದರು. ಕಳೆದ ವಾರ ಮಾಜಿ ಸೈನಿಕರನ್ನು ಸ್ಮರಿಸುವ ಸಮಾರಂಭವೊಂದರ ಆಯೋಜಕರು ಫೋನ್ ಮಾಡಿ, "ನಿಮ್ಮ ತಂದೆಯವರಿಗೆ ಯಾವ ಶೌರ್ಯ ಪದಕ ಬಂದಿತ್ತು?" ಎಂದು ಕೇಳಿದರು. ಯಾವುದೂ ಇಲ್ಲವೆಂದಾಗ, ಹಾಗಾದರೆ ಪಟ್ಟಿಯಲ್ಲಿ ಸೇರಿಸುವುದು ಕಷ್ಟ ಎಂದರು.

ಇದೇ ಪ್ರಶ್ನೆಯನ್ನು ಹಿಂದೊಮ್ಮೆ ಯಾರೋ ಅಪ್ಪನಿಗೇ ಕೇಳಿದ್ದರು. "ಹತ್ತೂ ಬೆರಳು ಮನಿಗೆ ವಾಪಸ್ ತಂದೀನ್ರಿ, ಇನ್ಯಾವ ಮೆಡಲ್ ಬೇಕು?" ಎಂದು ನಕ್ಕಿದ್ದರು. ನೆಲಬಾಂಬು ಹುಡುಕಿ ತೆಗೆಯುವ ಕೆಲಸ ಮಾಡಿದವರಿಗೆ ಅದು ತಮಾಷೆಯ ಮಾತಲ್ಲ.

ಪದಕಗಳ ಬಗ್ಗೆ ಅವರಿಗೆ ಗೌರವವಿರಲಿಲ್ಲವೆಂದಲ್ಲ. ಕಾರವಾರದ ಚೆಂಡಿಯಾದ ರಾಮ ರಾಘೋಬ ರಾಣೆ ಇದೇ ಬಾಂಬೆ ಸ್ಯಾಪರ್ಸ್‌ನವರು; 1948ರ ಏಪ್ರಿಲ್‌ನಲ್ಲಿ ನೌಶೇರಾ–ರಾಜೌರಿ ದಾರಿಯಲ್ಲಿ, ತೊಡೆಗೆ ಗಾಯವಾಗಿದ್ದರೂ ನೆಲಬಾಂಬುಗಳನ್ನೂ ತಡೆಗಳನ್ನೂ ತೆರವುಗೊಳಿಸುತ್ತ ಟ್ಯಾಂಕುಗಳನ್ನು ಮುನ್ನಡೆಸಿ ಪರಮವೀರ ಚಕ್ರ ಪಡೆದವರು. ಅವರ ಹೆಸರು ಬಂದರೆ ಅಪ್ಪ ಕೂತಲ್ಲೇ ನೆಟ್ಟಗಾಗುತ್ತಿದ್ದರು. ಆದರೆ ಪದಕವೊಂದನ್ನೇ ಅಳತೆಗೋಲು ಮಾಡಿಕೊಂಡರೆ, ಕೊಟ್ಟ ಕೆಲಸವನ್ನು ಮಾಡಿ, ರಜೆಗೆ ಊರಿಗೆ ಬಂದು, ಮತ್ತೆ ಅದೇ ಟ್ರಂಕು ಹೊತ್ತು ಹೋದ ಸಾವಿರಾರು ಜನ ಲೆಕ್ಕಕ್ಕೇ ಸಿಗುವುದಿಲ್ಲ ಎಂಬುದು ನನ್ನ ತಕರಾರು.

ಯುದ್ಧದ ಕಥೆಗಳನ್ನು ಅಪ್ಪ ಹೇಳಿದ್ದು ಕಡಿಮೆ. ಉಕ್ಕಿನ ಪ್ಯಾನೆಲ್‌ಗಳನ್ನು ಜೋಡಿಸಿ ಕಟ್ಟುವ ಬೈಲಿ (Bailey) ಸೇತುವೆಯ ಬಗ್ಗೆ ಮಾತ್ರ ಎಷ್ಟು ಬೇಕಾದರೂ ಹೇಳುತ್ತಿದ್ದರು: ಹತ್ತು ಅಡಿ ಉದ್ದದ, ಸುಮಾರು 260 ಕಿಲೋ ತೂಕದ ಒಂದು ಪ್ಯಾನೆಲ್, ಅದನ್ನು ಎತ್ತಲು ಆರು ಜನ, ಒಬ್ಬ ಅರೆಕ್ಷಣ ತಡಮಾಡಿದರೆ ಉಳಿದ ಐವರ ಸೊಂಟ ಹೋದಂತೆ. ನನ್ನ ಮಗಳ ಅಂಗಾಲಿಗೆ ಮುಳ್ಳು ಚುಚ್ಚಿದ ದಿನ ಆ ಕೈಗಳ ಇನ್ನೊಂದು ವಿದ್ಯೆಯನ್ನು ಕಂಡೆ. ಪಿನ್ನನ್ನು ನೆಟ್ಟಗೆ ಹಿಡಿಯದೆ ಓರೆಯಾಗಿ ಹಿಡಿದು, ಚರ್ಮವನ್ನು ಒತ್ತದೆ, ತುದಿಗೆ ಏನು ತಗಲುತ್ತದೆಂದು ಉಸಿರು ಬಿಗಿಹಿಡಿದು ಕಾದರು. ನೆಲವನ್ನು ಕಡ್ಡಿಯಿಂದ ಕೆದಕಿ ಬಾಂಬು ಹುಡುಕುವುದೂ ಹಾಗೆಯೇ, ಓರೆಯಾಗಿ. ಮುಳ್ಳು ಬಂದದ್ದು ಮಗಳಿಗೆ ಗೊತ್ತೇ ಆಗಲಿಲ್ಲ.

ಅವ್ವನಿಗೆ ಓದು ಬರಹ ಬರುತ್ತಿರಲಿಲ್ಲ. '56 ಎಪಿಒ' ಎಂಬ ಸೇನಾ ಅಂಚೆಯ ವಿಳಾಸಕ್ಕೆ ಹೋಗುವ ಪತ್ರಗಳನ್ನು ಊರಿನ ಮಾಸ್ತರರೇ ಬರೆದುಕೊಡುತ್ತಿದ್ದರು. ಹೀಗಾಗಿ ಮಳೆ, ಬೆಳೆ, ಎಮ್ಮೆಯ ಕರು, ನಮ್ಮ ಜ್ವರ ಎಲ್ಲವೂ ಅಪ್ಪನಿಗೆ ತಲುಪುತ್ತಿತ್ತು. ಮಾಸ್ತರರ ಮುಂದೆ ಹೇಳಲಾಗದ್ದೆಲ್ಲ ಹಾಗೇ ಉಳಿಯುತ್ತಿತ್ತು. ನಿವೃತ್ತಿಯ ನಂತರ ಖಡಕಿಯ ಮನೆಯಲ್ಲಿ ಇಬ್ಬರೂ ರಾತ್ರಿ ಹನ್ನೊಂದರವರೆಗೂ ಮೆಟ್ಟಿಲ ಮೇಲೆ ಕೂತು ಮಾತಾಡುತ್ತಿದ್ದುದನ್ನು ಕಂಡು, ಇಷ್ಟೊಂದು ಮಾತು ಎಲ್ಲಿಂದ ಬರುತ್ತದೆಂದು ನಾವು ನಗುತ್ತಿದ್ದೆವು.

ನಿನ್ನೆ ಟ್ರಂಕು ತೆಗೆದೆ. ಪತ್ರಗಳೆಲ್ಲ ಇದ್ದವು, ಎಲ್ಲವೂ ಮಾಸ್ತರರ ದುಂಡನೆಯ ಅಕ್ಷರದಲ್ಲಿ. ಒಂದರ ಅಂಚಿನಲ್ಲಿ ಮಾತ್ರ ಅರಿಶಿನದ ಹೆಬ್ಬೆರಳ ಗುರುತಿದೆ.