ನಿದ್ದೆ ಮಾಡಿದ್ದು ನಾನು, ಹಿಂದೆ ಬಿದ್ದಿದ್ದು ವಿಎಂ ಗಡಿಯಾರ

ಕಲಬುರಗಿ ಬಿಸಿಲು, ಮೇಲೆ ಕರೆಂಟ್ ಬೇರೆ ಹೋಯ್ತು. ಲ್ಯಾಪ್‌ಟಾಪ್ ಮುಚ್ಚಿ ರೊಟ್ಟಿ, ಪುಂಡಿಪಲ್ಯ ತಿಂದು ಸ್ವಲ್ಪ ಅಡ್ಡಾದೆ. ಎದ್ದು ತೆರೆದರೆ ಹೊರಗೆ 3.40, ಒಳಗಿನ ವರ್ಚುವಲ್ ಮಷೀನಿನಲ್ಲಿ (ವಿಎಂ, ಅಂದ್ರೆ ಲ್ಯಾಪ್‌ಟಾಪ್ ಒಳಗೇ ಸಾಫ್ಟ್‌ವೇರ್ ಆಗಿ ಓಡುವ ಇನ್ನೊಂದು ಕಂಪ್ಯೂಟರ್) ಇನ್ನೂ 1.52!

ಲ್ಯಾಪ್‌ಟಾಪ್ ಮಲಗಿದರೆ ಒಳಗಿನ ವಿಎಂ ಗಡಿಯಾರವೂ ನಿಲ್ಲುತ್ತೆ, ಒಪ್ಪಿದೆ. ಎದ್ದ ಮೇಲಾದರೂ ಟೈಮ್ ಎಷ್ಟು ಅಂತ ಕೇಳಬಾರದಾ? ಈಗ ತಾನೇ ಹೊರಗಿನಿಂದ ಸೇವ್ ಮಾಡಿದ ಫೈಲ್ ನೋಡಿ 'ಇದು ಭವಿಷ್ಯದ್ದು' ಅಂತ ವಿಎಂ ಒಳಗಿನ ಮೇಕ್ (ಕೋಡ್‌ನಿಂದ ಪ್ರೋಗ್ರಾಂ ಕಟ್ಟುವ ಸಾಧನ) ಗೊಣಗುತ್ತಿದೆ. 30 ಸೆಕೆಂಡಿನ ಲಾಗಿನ್ ಕೋಡ್ ಒಂದೂ ಒಪ್ಪುತ್ತಿಲ್ಲ.

ಇಂಟರ್ನೆಟ್ ನೋಡಿ ಸಮಯ ಸರಿ ಮಾಡಲೆಂದೇ ವಿಎಂಗೆ ಎನ್‌ಟಿಪಿಡಿ ಅನ್ನೋ ಪ್ರೋಗ್ರಾಂ ಹಾಕಿದ್ದೆ. ವ್ಯತ್ಯಾಸ 1000 ಸೆಕೆಂಡ್ ದಾಟಿತು ಅಂತ ಅದು ಕೆಲಸ ಬಿಟ್ಟೇ ಹೋಗಿತ್ತು! ಜ್ವರ ಜಾಸ್ತಿ ಇದೆ ಅಂತ ಡಾಕ್ಟರೇ ಓಡಿಹೋದ ಹಾಗೆ, ಅಲ್ವಾ?

ಕೊನೆಗೆ ಅದೇ ಕೆಲಸದ ಇನ್ನೊಂದು ಪ್ರೋಗ್ರಾಂ ಕ್ರೋನಿ ಹಾಕಿ, 'ಮೇಕ್‌ಸ್ಟೆಪ್ 1 -1' (1 ಸೆಕೆಂಡ್‌ಗಿಂತ ಜಾಸ್ತಿ ತಪ್ಪಿದರೆ, ಯಾವಾಗಲಾದರೂ ಸರಿ, ಒಂದೇ ಸಲಕ್ಕೆ ಸರಿಮಾಡು) ಅಂತ ಬರೆದು ಕೂತೆ. ಮತ್ತೆ ಕರೆಂಟ್ ಹೋಯ್ತು.