ಇನ್ಸುಲಿನ್ ಗುಳಿಗೆ ಉಂಡ ಹೊಟ್ಟೆಯಲ್ಲೂ ಕೆಲಸ ಮಾಡಬೇಕು

‘ಇನ್ಸುಲಿನ್ ಗುಳಿಗೆ ಬಂದಿದೆಯಂತೆ, ಅವ್ವನಿಗೆ ಸೂಜಿ ಬಿಡಿಸಬಹುದೇ?’ ವಿಜಯಪುರದ ನಮ್ಮ ಔಷಧ ಅಂಗಡಿಯಲ್ಲಿ ಈ ಪ್ರಶ್ನೆ ಮೇಲಿಂದ ಮೇಲೆ ಬರುತ್ತಿದೆ. ದಯವಿಟ್ಟು ಬಿಡಿಸಬೇಡಿ. 2019ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಸೆಮಾಗ್ಲುಟೈಡ್ ಗುಳಿಗೆಯನ್ನು ಹಲವರು ಇನ್ಸುಲಿನ್ ಎಂದೇ ತಿಳಿದಿದ್ದಾರೆ. ಅದು ಬೇರೆಯೇ ಔಷಧ. ಟೈಪ್ 1 ಮಧುಮೇಹದ, ಅಂದರೆ ದೇಹವೇ ಇನ್ಸುಲಿನ್ ತಯಾರಿಸದ ಮಗುವಿಗೆ ಇನ್ಸುಲಿನ್ ತಪ್ಪಿದರೆ ಕೆಲವೇ ದಿನಗಳಲ್ಲಿ ಜೀವಕ್ಕೆ ಕುತ್ತು ಬರುತ್ತದೆ.

ಹಾಗೆಂದು ಗುಳಿಗೆಯ ಆಸೆ ಹುಸಿಯಲ್ಲ. ಇನ್ಸುಲಿನ್ 51 ಅಮೈನೋ ಆಮ್ಲಗಳ ಪ್ರೋಟೀನು. ನುಂಗಿದರೆ ಹೊಟ್ಟೆ ಅದನ್ನು ಬೇಳೆಯ ಪ್ರೋಟೀನಿನಂತೆಯೇ ಜೀರ್ಣಿಸಿಬಿಡುತ್ತದೆ. ಜಠರದ ಆಮ್ಲವನ್ನು, ಪ್ರೋಟೀನು ಕತ್ತರಿಸುವ ಪೆಪ್ಸಿನ್ ಎಂಬ ಕಿಣ್ವವನ್ನು ದಾಟಿದರೂ ಕರುಳಿನಲ್ಲಿ ಅದೇ ಕೆಲಸದ ಟ್ರಿಪ್ಸಿನ್ ಇದೆ. ಉಳಿದಷ್ಟನ್ನೂ ಕರುಳಿನ ಗೋಡೆ ಸುಲಭವಾಗಿ ಒಳಗೆ ಬಿಡುವುದಿಲ್ಲ, ಅಣು ಅಷ್ಟು ದೊಡ್ಡದು. ಅದಕ್ಕಾಗಿಯೇ ದೇಹದಲ್ಲಿ ತಾನಾಗಿ ಕರಗುವ ಪಾಲಿಮರ್ (ಉದ್ದ ಸರಪಳಿಯಂಥ ಅಣುಗಳ ವಸ್ತು) ಕಣಗಳೊಳಗೆ ಇನ್ಸುಲಿನ್ ಇಟ್ಟು ಕಳುಹಿಸುವ ಪ್ರಯತ್ನ ನಡೆದಿದೆ. ಪಿಎಲ್‌ಜಿಎ ಎಂಬ ಪಾಲಿಮರ್ ಒಡೆದು ಲ್ಯಾಕ್ಟಿಕ್ ಮತ್ತು ಗ್ಲೈಕೋಲಿಕ್ ಆಮ್ಲಗಳಾಗುತ್ತದೆ. ಶಸ್ತ್ರಚಿಕಿತ್ಸೆಯ ಕರಗುವ ಹೊಲಿಗೆ ದಾರವೂ ಇದೇ ಕುಲದ್ದು. ಸಿಗಡಿ, ಏಡಿಗಳ ಚಿಪ್ಪಿನಿಂದ ತಯಾರಾಗುವ ಕೈಟೋಸಾನ್ ಕರುಳಿನ ಲೋಳೆಗೆ ಅಂಟಿಕೊಂಡು, ಜೀವಕೋಶಗಳ ನಡುವಿನ ಬಿಗಿ ಸಂದುಗಳನ್ನು ತುಸು ಹೊತ್ತು ಸಡಿಲಿಸುತ್ತದೆ.

ಸೂಜಿಯ ನೋವು ತಪ್ಪುವುದು ದೊಡ್ಡ ಮಾತೇ. ನನಗೆ ಅದಕ್ಕಿಂತ ಮುಖ್ಯವಾದ ಕಾರಣ ಇನ್ನೊಂದಿದೆ. ಮೇದೋಜೀರಕ ಗ್ರಂಥಿಯ ಇನ್ಸುಲಿನ್ ಮೊದಲು ಸೇರುವುದು ಯಕೃತ್ತನ್ನು. ಕರುಳಿನಿಂದ ಹೀರಲ್ಪಟ್ಟದ್ದೂ ಅದೇ ದಾರಿ ಹಿಡಿಯುತ್ತದೆ. ಚರ್ಮದಡಿ ಚುಚ್ಚಿದ್ದು ಹಾಗಲ್ಲ, ಅದು ಮೊದಲು ಇಡೀ ದೇಹದ ರಕ್ತಕ್ಕೆ ಸೇರುತ್ತದೆ.

ಪಾಲಿಮರ್ ಕಣಗಳಿಂದ ಮಧುಮೇಹಿ ಇಲಿಗಳ ಸಕ್ಕರೆ ಇಳಿದದ್ದು 1988ರಷ್ಟು ಹಿಂದೆಯೇ. ಆದರೂ ಅಂಗಡಿಗೆ ಗುಳಿಗೆ ಬಂದಿಲ್ಲವೇಕೆ? ರಕ್ತ ಸೇರುವ ಪಾಲು ತೀರಾ ಕಡಿಮೆ ಎಂಬುದು ಒಂದು ತೊಡಕು. ಪಾಲಿಮರ್ ಬಳಸದ ಬೇರೆ ಹಾದಿಯಲ್ಲಿ ಡೆನ್ಮಾರ್ಕಿನ ಔಷಧ ಕಂಪನಿ ನೊವೊ ನಾರ್ಡಿಸ್ಕ್ ಮಾಡಿದ ಗುಳಿಗೆ ಮನುಷ್ಯರಲ್ಲಿ ಕೆಲಸ ಮಾಡಿತು. ಬೇಕಾಗುವ ಇನ್ಸುಲಿನ್ ಪ್ರಮಾಣ ವಿಪರೀತವಾಯಿತೆಂದು ಕಂಪನಿಯೇ ಅದನ್ನು ಕೈಬಿಟ್ಟಿತು. ಬಹುಪಾಲು ಕರುಳಿನಲ್ಲೇ ಹಾಳಾಗುವ ಗುಳಿಗೆಯ ಬೆಲೆ ನಮ್ಮ ಕೂಲಿ ಕುಟುಂಬಗಳ ಕೈಗೆ ಎಟಕುವುದು ಕಷ್ಟ.

ಅದಕ್ಕಿಂತ ನನ್ನನ್ನು ಹೆದರಿಸುವುದು ಏರಿಳಿತ. ಇಂದು ಒಂದಿಷ್ಟು ಒಳಸೇರಿ, ನಾಳೆ ಅದರ ಎರಡರಷ್ಟು ಸೇರಿದರೆ ಸಕ್ಕರೆ ಕುಸಿದು ಮನುಷ್ಯ ಹೊಲದಲ್ಲೇ ಬೀಳುತ್ತಾನೆ. ನಮ್ಮಲ್ಲಿ ಒಂದು ದಿನ ಎರಡು ಜೋಳದ ರೊಟ್ಟಿ, ಮರುದಿನ ಏಕಾದಶಿ, ಅದರ ಮರುದಿನ ಮದುವೆಯೂಟ. ಈ ಎಲ್ಲ ಹೊಟ್ಟೆಗಳಲ್ಲೂ ಗುಳಿಗೆಯ ಇನ್ಸುಲಿನ್ ಒಂದೇ ಲೆಕ್ಕದಲ್ಲಿ ಒಳಸೇರಬೇಕು.

ಬಿಸಿಲನ್ನಂತೂ ಮರೆಯುವಂತಿಲ್ಲ. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿರಬೇಕು; ಇಲ್ಲಿ ಬೇಸಿಗೆ 40 ದಾಟುತ್ತದೆ, ಫ್ರಿಜ್ ಇಲ್ಲದ ಮನೆಗಳು ಇನ್ನೂ ಇವೆ. ಗುಳಿಗೆ ಈ ಬಿಸಿಲನ್ನೂ ತಾಳಬೇಕು.

ಬೆಳಗಾವಿ, ವಿಜಯಪುರದ ಫಾರ್ಮಸಿ ಕಾಲೇಜುಗಳಲ್ಲಿ ಈ ವಿಷಯ ಎತ್ತಿಕೊಳ್ಳುವ ವಿದ್ಯಾರ್ಥಿಗಳೇ, ಹಸಿದ ಇಲಿಯ ಸಕ್ಕರೆ ಇಳಿಯಿತೆಂದು ಅಲ್ಲಿಗೇ ನಿಲ್ಲಿಸಬೇಡಿ. ಮೇವು ತಿಂದ ಇಲಿಯಲ್ಲೂ ನೋಡಿ. ಕಣಗಳನ್ನು 40 ಡಿಗ್ರಿಯಲ್ಲಿ ತಿಂಗಳುಗಟ್ಟಲೆ ಇಟ್ಟು ನೋಡಿ. ಒಂದು ಯೂನಿಟ್ ಇನ್ಸುಲಿನ್ ರಕ್ತಕ್ಕೆ ಸೇರಲು ಕಣಗಳಲ್ಲಿ ಎಷ್ಟು ಯೂನಿಟ್ ತುಂಬಬೇಕಾಯಿತು ಎಂಬುದನ್ನು ಪ್ರಬಂಧದ ಮೊದಲ ಪುಟದಲ್ಲೇ ಬರೆಯಿರಿ.